ಫ್ಯಾನಿಗೆ ಹುಕುಂ ಕೊಟ್ಟವರು ಯಾರು?

ಘಾಟಿ ಹತ್ತುವ ಲಾರಿಯ ಫ್ಯಾನು ಕೂಗಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಗುಂಡ್ಯದಿಂದ ಮೇಲೆ, ಶಿರಾಡಿಯ ಏರಿನಲ್ಲಿ, ಲೋಡು ಗಾಡಿ ಬಿಸಿಯಾಗುವುದು ಸಹಜ. ಹಾಗಾಗಿಯೇ ಆ ಟ್ಯಾಂಕರಿನ ತೊಂದರೆ ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಪಣಂಬೂರಿನಿಂದ ತಾಳೆ ಎಣ್ಣೆ ತುಂಬಿಕೊಂಡು ಬರುವ ಬಿಎಸ್ 6 ಗಾಡಿ ಅದು. ಹಾಸನದ ನಮ್ಮ ಗ್ಯಾರೇಜಿಗೆ ಬರುವ ಹೊತ್ತಿಗೆ ಬೇರೆ ಕಡೆ ಫ್ಯಾನ್ ಕ್ಲಚ್ ಬದಲಾಯಿಸಿಯೂ ಆಗಿತ್ತು. ಕೂಗು ನಿಂತಿರಲಿಲ್ಲ, ಡೀಸೆಲ್ ಆವರೇಜ್ ಬಿದ್ದಿತ್ತು. ಪೂರ್ತಿ ವೇಗದ ಫ್ಯಾನು ಎಂಜಿನ್ನಿನಿಂದ ಹತ್ತಾರು ಅಶ್ವಶಕ್ತಿ ಎಳೆದುಕೊಳ್ಳುತ್ತದೆ, ಆವರೇಜ್ ಬೀಳದೆ ಏನಾದೀತು?

ನನಗೆ ದಾರಿ ತೋರಿಸಿದ್ದು ಡ್ರೈವರ್ ಹೇಳಿದ ಮಾತು. “ಅಣ್ಣಾ, ಜೋರು ಮಳೆ, ಟೆಂಪರೇಚರ್ ಮುಳ್ಳು ಅರ್ಧಕ್ಕೂ ಬಂದಿರ್ಲಿಲ್ಲ. ಆದ್ರೂ ಏರಲ್ಲಿ ಕೂಗ್ತಾನೇ ಇತ್ತು. ಮೇಲೆ ಬಂದು ಟೀಗೆ ನಿಲ್ಸಿದ್ ಸ್ವಲ್ಪ ಹೊತ್ಗೆ ಸುಮ್ನಾಯ್ತು.” ಬಿಸಿಗೂ ಫ್ಯಾನಿಗೂ ಸಂಬಂಧ ತಪ್ಪಿದೆ ಎಂದು ಆಗಲೇ ಅನಿಸಿತು.

ಫ್ಯಾನ್ ಕ್ಲಚ್ಚಿನೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ಎಣ್ಣೆ ಒಳಗಿನ ಚಕ್ರಕ್ಕೆ ಹರಿದರೆ ಫ್ಯಾನು ಎಂಜಿನ್ನಿನ ಹಿಡಿತಕ್ಕೆ ಸಿಗುತ್ತದೆ, ಹಿಂದೆ ಸರಿದರೆ ಸಡಿಲವಾಗಿ ಸುತ್ತುತ್ತದೆ. ಹಳೆಯ ಗಾಡಿಗಳಲ್ಲಿ ರೇಡಿಯೇಟರಿನ ಬಿಸಿಗಾಳಿಗೆ ಬೈಮೆಟಲ್ ಪಟ್ಟಿ ಬಾಗಿ ವಾಲ್ವು ತೆರೆಯುತ್ತಿತ್ತು. ಈ ಗಾಡಿಯದು ಕಾಯಿಲ್ ಇರುವ ಕ್ಲಚ್. ಎಂಜಿನ್ನಿನ ಕಂಪ್ಯೂಟರಾದ ಇಸಿಯು ಕರೆಂಟು ಕೊಟ್ಟು ವಾಲ್ವನ್ನು ಮುಚ್ಚಿ ಹಿಡಿಯುತ್ತದೆ. ಕರೆಂಟು ತಪ್ಪಿತೋ, ವಾಲ್ವು ತಾನಾಗಿ ತೆರೆದು ಫ್ಯಾನು ಪೂರ್ತಿ ವೇಗಕ್ಕೆ ಹೋಗುತ್ತದೆ. ವೈರು ತುಂಡಾದರೂ ಎಂಜಿನ್ ಸುಡಬಾರದು ಎಂಬ ಮುಂಜಾಗ್ರತೆ ಅದು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಕೂಗುವುದು ಬೇರೆ, ಅದು ದೋಷವಲ್ಲ. ಎಣ್ಣೆ ಕೆಳಗೆ ಇಳಿದು ನಿಂತಿರುತ್ತದೆ ಅಷ್ಟೆ.

ಆದ್ದರಿಂದ ನಾನು ಮೊದಲು ನೋಡುವುದು ಫ್ಯಾನನ್ನಲ್ಲ, ಅದಕ್ಕೆ ಬಂದ ಹುಕುಮನ್ನು. ಸ್ಕ್ಯಾನರಿನಲ್ಲಿ ಕೂಲೆಂಟ್ ಬಿಸಿ, ಇಸಿಯು ಕೇಳಿದ ವೇಗ, ಫ್ಯಾನಿನ ನಿಜವಾದ ವೇಗ, ಈ ಮೂರನ್ನೂ ಒಟ್ಟಿಗೆ ತೆರೆದಿಡುತ್ತೇನೆ. ಕೂಲೆಂಟ್ ತಣ್ಣಗಿದ್ದರೂ ಇಸಿಯು ಗಾಳಿ ಕೇಳಬಹುದು: ಏಸಿ ಗ್ಯಾಸಿನ ಒತ್ತಡ ಏರಿದ್ದರೆ, ಇಂಟರ್‌ಕೂಲರಿನಿಂದ ಬರುವ ಗಾಳಿ ಬಿಸಿಯಿದ್ದರೆ, ಕೆಲವು ಗಾಡಿಗಳಲ್ಲಿ ಎಂಜಿನ್ ಬ್ರೇಕ್ ಹಾಕಿದರೂ. ಇಲ್ಲಿ ಅದಾವುದೂ ಇರಲಿಲ್ಲ. ಶೆಡ್ಡಿನಲ್ಲಿ ಎಲ್ಲವೂ ಸರಿ. ಹಳೆಯ ಕೋಡ್ ಮಾತ್ರ ಉಳಿದಿತ್ತು: ಎಸ್‌ಪಿಎನ್ 647, ಎಫ್‌ಎಂಐ 5. 647 ಎಂದರೆ ಫ್ಯಾನ್ ಕ್ಲಚ್ಚಿನ ಸರ್ಕ್ಯೂಟ್. 5 ಎಂದರೆ ಕರೆಂಟು ಕಡಿಮೆ ಅಥವಾ ಸರ್ಕ್ಯೂಟ್ ತೆರೆದಿದೆ. ಆ ಮೊದಲ ಅಂಕಿಯನ್ನಷ್ಟೇ ಓದಿ ದುಬಾರಿ ಕ್ಲಚ್ ತರಿಸಿದರೆ ಮಾಲೀಕನಿಗೆ ಅನ್ಯಾಯ. ಕೋಡ್ ಹೇಳುವುದು ದಾರಿಯನ್ನು, ಸಾಮಾನನ್ನಲ್ಲ.

ಏರಿನಲ್ಲಿ ಮಾತ್ರ ಬರುವ ದೋಷವನ್ನು ಶೆಡ್ಡಿನಲ್ಲಿ ಬರಿಸಬೇಕಿತ್ತು. ಲೋಡಿನಲ್ಲಿ ಎಳೆಯುವಾಗ ಎಂಜಿನ್ ಮೌಂಟಿಂಗ್ ಮೇಲೆ ಒಂದು ಬದಿಗೆ ತಿರುಚಿಕೊಳ್ಳುತ್ತದೆ, ಚಾಸಿಸ್ ಅಲ್ಲೇ ಇರುತ್ತದೆ. ನಡುವಿನ ವೈರಿಗೆ ಜಗ್ಗಾಟ. ಎಂಜಿನ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಇಸಿಯು ಕಪ್ಲರಿನಿಂದ ಕ್ಲಚ್ ಕಪ್ಲರಿನವರೆಗಿನ ವೈರಿಗೆ ಮೀಟರ್ ಹಚ್ಚಿ ಬೀಪ್‌ಗೆ ಇಟ್ಟೆ. (ತಿರುಗುವ ಫ್ಯಾನಿನ ಬಳಿ ವೈರು ಅಲ್ಲಾಡಿಸಲು ನಮ್ಮ ಹುಡುಗರಿಗೆ ನಾನು ಎಂದೂ ಬಿಡುವುದಿಲ್ಲ.) ಮರದ ತುಂಡು ಕೊಟ್ಟು ಹಾರೆಯಿಂದ ಎಂಜಿನ್ನನ್ನು ಮೀಟಿದೆ. ಬೀಪ್ ನಿಂತಿತು. ಬಿಟ್ಟರೆ ಮತ್ತೆ ಬಂತು.

ಶ್ರೌಡಿನ ಹಿಂದೆ ಕ್ಲಿಪ್ ಕಳಚಿಹೋಗಿ ವೈರು ಬ್ರಾಕೆಟ್ಟಿನ ಅಂಚಿಗೆ ಉಜ್ಜುತ್ತಿತ್ತು. ಹೊರಗಿನ ಕೊಳವೆ ಸವೆದು ತಾಮ್ರ ಹಸಿರುಗಟ್ಟಿತ್ತು. ಎಳೆಗಳಲ್ಲಿ ಹೆಚ್ಚಿನವು ತುಂಡಾಗಿ, ಉಳಿದವು ಒಂದಕ್ಕೊಂದು ತಾಗಿಕೊಂಡು ಕೆಲಸ ನಡೆಸುತ್ತಿದ್ದವು. ಸವೆದ ಭಾಗ ಕತ್ತರಿಸಿ ಹೊಸ ವೈರು ಬೆಸೆದು, ನೀರು ಇಳಿಯದಂತೆ ಸ್ಲೀವ್ ಹಾಕಿ, ಎಂಜಿನ್ ಹೊರಳಲು ಬೇಕಾದಷ್ಟು ಸಡಿಲ ಬಿಟ್ಟು ಕ್ಲಿಪ್ ಹಾಕಿದೆವು. ಎಂಜಿನ್ ಮೌಂಟಿಂಗಿನ ರಬ್ಬರೂ ಹಣ್ಣಾಗಿತ್ತು, ಬದಲಾಯಿಸಿದೆವು. ಅದನ್ನು ಬಿಟ್ಟಿದ್ದರೆ ಹೊಸ ವೈರಿಗೂ ಅದೇ ಗತಿ.

ಬಿಚ್ಚಿಟ್ಟಿದ್ದ ಹಳೆಯ ಕ್ಲಚ್ಚನ್ನು ಮಾಲೀಕರು ಗುಜರಿಗೆ ಹಾಕಿರಲಿಲ್ಲ. ಕಾಯಿಲ್ ಓಮ್ಸ್ ನೋಡಿದೆ, ಗಾಡಿಗೆ ಹಾಕಿ ಓಡಿಸಿದೆ, ಕಪ್ಲರ್ ಕಿತ್ತಾಗ ಫ್ಯಾನು ಮೆಲ್ಲಗೆ ಪೂರ್ತಿ ವೇಗಕ್ಕೆ ಏರಿತು. ಏನೂ ಕೆಟ್ಟಿರಲಿಲ್ಲ. ಅದೇ ಕ್ಲಚ್ಚಿನ ಮೇಲೆ ಟ್ಯಾಂಕರ್ ಈಗಲೂ ಓಡುತ್ತಿದೆ, ಹೊಸದು ಅವರ ಸ್ಟೋರಿನಲ್ಲಿದೆ.