ಮೂಗಿನ ತುದಿಯ ಗುಳ್ಳೆ

ಹಣೆಯ ಬಲಭಾಗದಲ್ಲಿ ಸರ್ಪಸುತ್ತು ಎದ್ದಾಗ, ‘ಇದಕ್ಕೆ ಇಂಗ್ಲಿಷ್ ಔಷಧ ಕೂಡದು’ ಎಂದು ವಿಧಿಸಿ, ಕೆಮ್ಮಣ್ಣು ಕಲಸಿ ಹಚ್ಚಿ, ಹೆಡೆಯೂ ಬಾಲವೂ ಕೂಡದಂತೆ ತಡೆದ ಕೀರ್ತಿ ನಮ್ಮ ಭಾವನವರಿಗೆ ಸಲ್ಲತಕ್ಕದ್ದು. ಮೂಗಿನ ತುದಿಯಲ್ಲಿದ್ದ ಒಂದು ಗುಳ್ಳೆಗೂ ಅವರು ಮರೆಯದೆ ಬೊಟ್ಟಿಟ್ಟರು.

ಹಕ್ಕಳೆಗಳು ಉದುರಿದ ಕೆಲವು ವಾರಗಳಲ್ಲಿ ಅದೇ ಬದಿಯ ಕಣ್ಣು ಕೆಂಪಗಾಯಿತು. ಊರಿನ ಕಣ್ಣಿನ ವೈದ್ಯರು ಟಾರ್ಚು ಬಿಟ್ಟು ‘ಮದ್ರಾಸ್ ಐ’ ಎಂದರು. ಮದ್ರಾಸ್ ಐ ಆಗಿದ್ದರೆ ಗೀಜು ಕಟ್ಟಿ ರೆಪ್ಪೆ ಅಂಟಬೇಕು, ಬಹುಮಟ್ಟಿಗೆ ಇನ್ನೊಂದು ಕಣ್ಣಿಗೂ ಹರಡಬೇಕು. ನನಗೋ ಬರಿಯ ನೀರು ಸುರಿಯುತ್ತಿತ್ತು, ಬೆಳಕು ಚುಚ್ಚುತ್ತಿತ್ತು, ಕೆಂಪು ಕರಿಗುಡ್ಡೆಯ ಸುತ್ತಲೇ ದಟ್ಟವಾಗಿತ್ತು. ಇಷ್ಟನ್ನೂ ವಿವರಿಸಿದರೆ ಆ ಮಹನೀಯರು ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತಲಿಲ್ಲ. ಮುಂದೆ ಕೊಟ್ಟ ಸ್ಟೀರಾಯ್ಡ್ ಹನಿ ಹಾಕುವಷ್ಟು ದಿನ ಶಮನ, ಕಡಮೆ ಮಾಡಿದೊಡನೆ ಪುನಃ ಉಲ್ಬಣ.

ಹೀಗಿರಲು ಒಂದು ರಾತ್ರಿ ಬೀದಿದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಟ್ಟಿತು. ನೋವು ಹುಬ್ಬಿನಿಂದ ನೆತ್ತಿಗಡರಿ, ಉಂಡುದೆಲ್ಲ ವಾಂತಿಯಾಗಿ, ಮಲಗಲೂ ನಿಲ್ಲಲೂ ಆಗದೆ, ಒದ್ದೆ ಬಟ್ಟೆಯನ್ನು ಕಣ್ಣಿಗೊತ್ತಿ ಗೋಡೆಗೆ ಹಣೆಯೂರಿ ಬೆಳಗಿನವರೆಗೂ ಕುಳಿತೆ. ಭಾವನವರು ‘ಪಿತ್ತ ಕೆರಳಿದೆ’ ಎಂದು ನಿಂಬೆಯ ಪಾನಕ ಕದಡುತ್ತಿದ್ದರು.

ಮರುದಿನ ನಗರದ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬರು, ಮರಗಟ್ಟಿಸುವ ಹನಿ ಹಾಕುವ ಮೊದಲೇ, ಹತ್ತಿಯ ಎಳೆಯೊಂದನ್ನು ಹೊಸೆದು ಎಡಗಣ್ಣಿಗೆ ಸೋಕಿಸಿದರು. ರೆಪ್ಪೆ ಥಟ್ಟನೆ ಮುಚ್ಚಿತು. ಬಲಗಣ್ಣಿಗೆ ಸೋಕಿಸಿದಾಗ ಎಳೆ ಸಮೀಪಿಸುವುದು ಮಬ್ಬಾಗಿ ಕಂಡಿತೇ ಹೊರತು, ತಾಗಿದ್ದು ತಿಳಿಯಲಿಲ್ಲ. ಆಮೇಲೆ ಅಳೆದರೆ, 10ರಿಂದ 21ರೊಳಗಿರಬೇಕಾದ ಕಣ್ಣಿನ ಪ್ರೆಷರ್ 44! ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಪಾಪೆಯ ಸುತ್ತಲಿನ ಬಣ್ಣದ ಪರದೆ ಒಂದು ಪಕ್ಕದಲ್ಲಿ ಸವೆದಿದೆಯೆಂದರು.

‘ಹಣೆಯಲ್ಲಿ ಗುಳ್ಳೆ ಎದ್ದಿತ್ತೇ, ಸರ್?’

‘ಎದ್ದಿತ್ತು.’

‘ಮೂಗಿನ ತುದಿಯಲ್ಲಿ?’

ಮೂಗಿನ ತುದಿಗೂ ಕಣ್ಣಿನ ಒಳಭಾಗಕ್ಕೂ ಒಂದೇ ನರದ ಕವಲುಗಳು ಹೋಗುವುದರಿಂದ, ಅಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ಅಪಾಯವುಂಟೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಜೊನಾಥನ್ ಹಚಿನ್ಸನ್ ಎಂಬ ಆಂಗ್ಲ ಶಸ್ತ್ರವೈದ್ಯರು ಗುರುತಿಸಿದ್ದರಂತೆ. ಸರ್ಪಸುತ್ತಿನ ವೈರಸ್ಸೇ ಕಣ್ಣಿನ ಮುಂಭಾಗದಲ್ಲಿ ಉರಿಯೂತವೆಬ್ಬಿಸಿತ್ತು. ಸಂದೇಹವುಳಿದಿದ್ದರೆ ಕಣ್ಣೊಳಗಿನ ದ್ರವವನ್ನು ಸೂಜಿಯಿಂದ ತೆಗೆದು ಪಿಸಿಆರ್ ಪರೀಕ್ಷೆಗೆ ಕಳುಹಿಸುತ್ತಾರೆ. ನನಗೆ ಅದು ಬೇಕಾಗಲಿಲ್ಲ.

ಅದೇ ಸ್ಟೀರಾಯ್ಡ್ ಹನಿಯೇ ಮುಂದುವರಿಯಿತು, ಆದರೆ ವೈರಸ್ಸಿನ ಮಾತ್ರೆ ಮತ್ತು ಪ್ರೆಷರ್ ಇಳಿಸುವ ಹನಿಯ ಜೊತೆಗೆ. ಓದುಗರು ಗಮನಿಸತಕ್ಕದ್ದಿಷ್ಟು: ಒಂದೇ ಕಣ್ಣು ಮತ್ತೆ ಮತ್ತೆ ಕೆಂಪಾಗಿ, ಪ್ರೆಷರೂ ಏರಿದರೆ, ವೈರಸ್ ಇರಬಹುದೇ ಎಂದು ವೈದ್ಯರನ್ನು ನೇರವಾಗಿ ಕೇಳಿರಿ; ಹಳೆಯ ಗುಳ್ಳೆಗಳ ವೃತ್ತಾಂತವನ್ನು ಅವರು ಕೇಳದಿದ್ದರೂ ಹೇಳಿರಿ; ಸರ್ಪಸುತ್ತು ಎದ್ದ 72 ಗಂಟೆಗಳೊಳಗೆ ಮಾತ್ರೆ ಆರಂಭಿಸಿದರೆ ಫಲ ಹೆಚ್ಚಾದ್ದರಿಂದ, ಆ ಅವಧಿಯಲ್ಲಿ ಬಂಧುಗಳನ್ನು ಆದಷ್ಟು ದೂರವಿಡಿರಿ.