ಮಡಿಲಲ್ಲೇ ನೋಡು ಮಗುವನ್ನು

ಪುಟ್ಟೀ,

ನಾಳಿದ್ದು ನಿನ್ನ ಕ್ಲಿನಿಕ್ಕಿನ ಬಾಗಿಲು ತೆರೆಯುತ್ತದೆ. ದೊಡ್ಡಮ್ಮನ ಕಡೆಯಿಂದ ಒಂದು ಹಳೆಯ ಬೀಟೆಮರದ ಕುರ್ಚಿ ಕಳಿಸಿದ್ದೇನೆ. ಗಿಡ್ಡನೆಯದು, ಅಗಲವಾದದ್ದು, ಕೈಗಳಿಲ್ಲ. 38 ವರ್ಷ ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹತ್ತಿರ ಕೂತದ್ದು ಇದರ ಮೇಲೆಯೇ. ಮೇಜಿನ ಆಚೆಗೆ ಹಾಕಬೇಡ. ನಿನ್ನ ಮೊಣಕಾಲಿಗೆ ಅವರ ಮೊಣಕಾಲು ತಗಲುವಷ್ಟು ಪಕ್ಕದಲ್ಲಿ ಹಾಕಿಕೋ. ಓದಿದ್ದು ನಿನಗೆ ನನಗಿಂತ ಹೆಚ್ಚೇ ಗೊತ್ತು. ಈ ಕುರ್ಚಿಯಲ್ಲಿ ಕೂತವರು ನನಗೆ ಕಲಿಸಿದ್ದನ್ನು ಮಾತ್ರ ಹೇಳುತ್ತೇನೆ.

ಮಗು ಒಳಗೆ ಬಂದ ತಕ್ಷಣ ಮುಟ್ಟಬೇಡ. ತಾಯಿಯ ಹತ್ತಿರ ಮಾತಾಡುತ್ತ ಕಣ್ಣನ್ನು ಮಗುವಿನ ಮೇಲಿಟ್ಟಿರು. ನಿನ್ನನ್ನು ದಿಟ್ಟಿಸುತ್ತಿದೆಯೇ? ಮೇಜಿನ ಮೇಲಿನ ಬೀಗದ ಕೈಗೊಂಚಲಿಗೆ ಕೈ ಚಾಚುತ್ತದೆಯೇ? ಅತ್ತರೆ ಅಮ್ಮ ಎತ್ತಿಕೊಂಡಾಗ ಸುಮ್ಮನಾಗುತ್ತದೆಯೇ? ಕಾಯಿಲೆ ಎಷ್ಟು ಜೋರಾಗಿದೆ ಎನ್ನುವ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಮೇಲೆ ಅಂಗಿ ಮೇಲೆತ್ತಿಸಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ಎರಡು ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಈ ಗೆರೆಯನ್ನು ಮುಟ್ಟಿತೆಂದರೆ ಕೆಮ್ಮನ್ನು ಬರೀ ನೆಗಡಿಯೆಂದು ಬಿಡಬಾರದು. ಅಳುವ ಮಗುವಿನ ಉಸಿರನ್ನು ಎಣಿಸಿ ಪ್ರಯೋಜನವಿಲ್ಲ. ಅದು ಅಳದೆ ಇರುವ ಜಾಗ ಅಮ್ಮನ ಮಡಿಲು. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಸುಮ್ಮನಿರುವಾಗಲೇ ಎದೆ ಕೇಳು. ಹೊಟ್ಟೆ ಆಮೇಲೆ. ಗಂಟಲು, ಕಿವಿ ಎಲ್ಲಕ್ಕಿಂತ ಕಡೆಗೆ.

ಇನ್ನು ನನ್ನ ಒಂದು ತಪ್ಪಿನ ಕಥೆ ಕೇಳು. ನಾನು ಹೊಸದಾಗಿ ಕ್ಲಿನಿಕ್ ಇಟ್ಟ ಕಾಲ. ಬಾಣಂತಿಯೊಬ್ಬಳು ಇನ್ನೂ ತಿಂಗಳು ತುಂಬದ ಕೂಸನ್ನು ಎತ್ತಿಕೊಂಡು ಬಂದಳು. ‘ಹಾಲು ಸರಿಯಾಗಿ ಕುಡೀತಿಲ್ಲ ಡಾಕ್ಟ್ರಮ್ಮ. ಯಾಕೋ ಎಂದಿನ ಹಾಗಿಲ್ಲ’ ಅಂದಳು. ಜ್ವರ ನೋಡಿದೆ, ಇರಲಿಲ್ಲ. ಎದೆಯೂ ಚೆನ್ನಾಗಿತ್ತು. ಚೊಚ್ಚಲ ತಾಯಿ, ಗಾಬರಿ ಬಿದ್ದಿದ್ದಾಳೆ ಅಂದುಕೊಂಡು, ಏನೂ ಆಗಿಲ್ಲವೆಂದು ಕಳಿಸಿಬಿಟ್ಟೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರು. ಕೂಸಿನ ಮೈ ತಣ್ಣಗಾಗಿತ್ತು, ಕೈಕಾಲು ಸೋತು ಜೋತುಬಿದ್ದಿದ್ದವು. ಸೋಂಕು ರಕ್ತಕ್ಕೆ ಇಳಿದಿತ್ತು. ಅಷ್ಟು ಎಳೆಯ ಕೂಸಿಗೆ ಸೋಂಕಾದರೆ ಜ್ವರ ಬಂದೇ ಬರಬೇಕೆಂದಿಲ್ಲ. ಹಾಲು ಬಿಡುವುದು, ಮಂಕಾಗುವುದು, ಮೈ ತಣ್ಣಗಾಗುವುದು, ಇವೇ ಅದರ ಗುರುತು. ಓದಿದ್ದೆ, ಆದರೆ ಆ ಹೊತ್ತಿಗೆ ಕೇಳಿಸಿಕೊಳ್ಳಲಿಲ್ಲ. ದೊಡ್ಡಾಸ್ಪತ್ರೆ ಸೇರಿ ಹಲವು ದಿನ ಒದ್ದಾಡಿ ಮಗು ಉಳಿಯಿತು. ಆ ತಾಯಿ ನನ್ನನ್ನು ಬೈಯಲಿಲ್ಲ. ‘ನಾನು ಹೇಳಿದ್ನಲ್ಲಾ’ ಅಂದಳು, ಅಷ್ಟೆ. ಅಂದಿನಿಂದ ತಾಯಿ ಆಡಿದ ಮಾತನ್ನು ಆಡಿದ ಹಾಗೇ ಚೀಟಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳತೊಡಗಿದೆ. ‘ಎಂದಿನ ಹಾಗಿಲ್ಲ’ ಅನ್ನುವುದು ರೋಗಲಕ್ಷಣವೇ ಕಣೇ. ಆ ಮಗುವಿನ ಎಂದಿನ ಹಾಗೆ ಯಾವುದೆಂದು ಬಲ್ಲವಳು ಅವಳೊಬ್ಬಳೇ.

ನಮ್ಮ ವೈದ್ಯಶಾಸ್ತ್ರ ಈ ಮಾತನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಮಕ್ಕಳನ್ನು ವಾರ್ಡಿಗೆ ಸೇರಿಸಿಕೊಂಡು ಅಪ್ಪ ಅಮ್ಮನನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ, 1920ರ ದಶಕದಲ್ಲೇ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯ ಕೂಸುಗಳ ಜೊತೆ ತಾಯಂದಿರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಂಡ. ಪ್ಲಾಟ್ ಸಮಿತಿಯ ವರದಿ ಬಂದು ಆ ದೇಶವೇ ಅದನ್ನು ಒಪ್ಪಬೇಕಾದರೆ 1959 ಆಗಬೇಕಾಯಿತು. 1971ರಲ್ಲಿ ನಮ್ಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಡ್ರಿಪ್ ಹಾಕಲು ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದು ತೂಕ ಕಡಿಮೆಯ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿ ಬೆಚ್ಚಗಿಟ್ಟಿತು. ಅದೇ ಇಂದಿನ ಕಾಂಗರೂ ಆರೈಕೆ. ಹುಟ್ಟಿದ ಕೂಡಲೇ ಅದನ್ನು ಶುರುಮಾಡಿ ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮನೆಯವರ ಕೈಯನ್ನು ನಂಬಿದಾಗಲೆಲ್ಲ ಮಕ್ಕಳು ಬದುಕಿದ್ದಾರೆ.

ಆದರೆ ಆ ಕೈಗೆ ಸರಿಯಾಗಿ ಹೇಳಿಕೊಡುವುದು ನಿನ್ನ ಕೆಲಸ. ಜ್ವರದ ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ. 125ರ ಸಿರಪ್ಪಿನಲ್ಲಿ ಅಷ್ಟೇ ಎಂ.ಎಲ್.ಗೆ 25. ಹಿರಿಮಗನಿಗೆ ತಂದ ಸಿರಪ್ಪಿನ ಅಳತೆಯಲ್ಲಿ ಕಿರಿಯದಕ್ಕೆ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಔಷಧಿ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಚೀಟಿ ಬರೆದು ಮುಗಿಸಬೇಡ. ಬಾಟಲಿ ತರಿಸಿ, ಅಳತೆಯ ಗೆರೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಡು. ಭೇದಿಗೆ ಓಆರ್‌ಎಸ್ ಬರೆದರೆ ಲೀಟರಿನ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಲೋಟಕ್ಕಿಷ್ಟು ಉದುರಿಸುವುದಲ್ಲ ಎಂದು ಹೇಳು. ಜೊತೆಗೆ ಜಿಂಕ್ 14 ದಿನ, ಭೇದಿ ನಿಂತ ಮೇಲೂ ಕೊಡಬೇಕೆಂದು ಹೇಳು. ಕಡೆಗೆ, ‘ಮನೇಲಿ ನಿಮ್ಮತ್ತೆಗೆ ಹೇಗೆ ಹೇಳ್ತೀಯಾ, ನನಗೊಂದು ಸಲ ಹೇಳು ನೋಡೋಣ’ ಅನ್ನು. ಅವಳು ತಡವರಿಸಿದರೆ ನೀನು ಹೇಳಿದ್ದು ಸಾಲದು ಎಂದು ತಿಳಿ. ಅಪ್ಪ ಬಂದಿದ್ದರೆ ಬಾಗಿಲ ಹತ್ತಿರ ನಿಲ್ಲಲು ಬಿಡಬೇಡ. ಒಳಗೆ ಕರೆದು ಔಷಧಿ ಹಾಕುವುದನ್ನು ಅವನಿಗೂ ಕಲಿಸು. ನಡುರಾತ್ರಿ ಎದ್ದು ಲೈಟು ಹಾಕುವ ಕೈ ಎರಡಾಗಲಿ.

ಅಜ್ಜಿಯರನ್ನು ಎದುರು ಹಾಕಿಕೊಳ್ಳಬೇಡ. ಎಷ್ಟೋ ಮನೆಯಲ್ಲಿ ಮಗುವಿನ ಬಾಯಿಗೆ ಏನು ಹೋಗಬೇಕೆಂದು ತೀರ್ಮಾನಿಸುವವರು ಅವರೇ. ದೃಷ್ಟಿಬೊಟ್ಟು ಕೆನ್ನೆಯ ಮೇಲಿರಲಿ, ಕಣ್ಣಿಗೆ ಕಾಡಿಗೆ ಬೇಡ. ಎಣ್ಣೆನೀರು ಹಾಕಲಿ, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ಬೇಡ. ಸಾಂಬ್ರಾಣಿ ಹೊಗೆಯನ್ನು ಕೂಸಿನ ಮುಖಕ್ಕೆ ಹಿಡಿಯುವುದು ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಆರು ತಿಂಗಳವರೆಗೆ ಎದೆಹಾಲೊಂದೇ. ಇವೆರಡರಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲು, ಕಾರಣ ಹೇಳಿ ನಿಲ್ಲು. ಅವರು ಸರಿಯಾಗಿ ಮಾಡುವುದನ್ನು ಬಾಯ್ತುಂಬ ಹೊಗಳು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ರಾಗಿ ಸರಿ ಗಂಟಲಿಗೆ ಹಗುರವಾಗಿ ಇಳಿಯುತ್ತದೆ. ಮೊಳಕೆ ಹಿಟ್ಟನ್ನು ತೆಳುವಾಗಿಸುವುದರಿಂದ ಅದೇ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ, ಹೆಚ್ಚು ಶಕ್ತಿ ಹೋಗುತ್ತದೆ. ನಮ್ಮ ಪುಸ್ತಕಕ್ಕಿಂತ ಮೊದಲೇ ಅಜ್ಜಿಯರ ಬೀಸುಕಲ್ಲಿಗೆ ಇದು ಗೊತ್ತಿತ್ತು.

ಮಗುವಿನ ತೂಕವನ್ನು ತಾಯಿ ಕಾರ್ಡಿನಲ್ಲಿ ಗುರುತಿಸಿ ಪೆನ್ನು ಕೆಳಗಿಡುವ ಮೊದಲು ತಾಯಿಯ ಮುಖ ನೋಡು. ‘ನೀನು ಊಟ ಮಾಡಿದ್ಯಾ? ರಾತ್ರಿ ನಿದ್ದೆ ಬರ್ತಿದ್ಯಾ?’ ಎಂದು ಕೇಳು. ಈ ಎರಡು ಮಾತಿಗೇ ಬಿಕ್ಕಿದವರನ್ನು ಎಷ್ಟೋ ಸಲ ಕಂಡಿದ್ದೇನೆ. ಪಥ್ಯವೆಂದು ಬಾಣಂತಿಯನ್ನು ಅರೆಹೊಟ್ಟೆಯಲ್ಲಿಟ್ಟ ಮನೆಯಿರುತ್ತದೆ. ಹೆಣ್ಣು ಹುಟ್ಟಿತೆಂದು ಮಾತು ಬಿಟ್ಟ ಗಂಡನಿರುತ್ತಾನೆ. ಯಾರಿಗೂ ಹೇಳಲಾಗದ ಮನಸ್ಸಿನ ಕತ್ತಲೆಯೂ ಇರುತ್ತದೆ. ಉಳಿದವರನ್ನು ಹೊರಗೆ ಕಳಿಸಿ ಐದು ನಿಮಿಷ ಕೇಳಿಸಿಕೋ. ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸು. ಕೂಸು ಚೇತರಿಸಿಕೊಳ್ಳುವುದು ಆ ಮಡಿಲಲ್ಲಿ. ಮಡಿಲು ಕುಸಿದರೆ ನಿನ್ನ ಔಷಧಿ ಎಲ್ಲಿ ನಿಲ್ಲುತ್ತದೆ?

ಮಗುವಿಗೆ ಸುಳ್ಳು ಹೇಳಬೇಡ. ‘ನೋವೇ ಆಗಲ್ಲ’ ಎಂದು ಸೂಜಿ ಚುಚ್ಚಿದರೆ ಮುಂದಿನ ಸಲ ಅದು ನಿನ್ನ ನಗುವನ್ನೂ ನಂಬುವುದಿಲ್ಲ. ‘ಇರುವೆ ಕಚ್ಚಿದ ಹಾಗೆ ಚುರುಕ್ ಅನ್ನುತ್ತೆ, ಬೇಗ ಹೋಗುತ್ತೆ’ ಅನ್ನು. ಕೂಸಾದರೆ ಹಾಲೂಡಿಸುತ್ತಿರುವಾಗಲೇ ಲಸಿಕೆ ಹಾಕು, ನೋವು ಕಡಿಮೆಯಾಗುತ್ತದೆ. ‘ಹಟ ಮಾಡಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ’ ಎಂದು ಹೆದರಿಸುವ ಅಪ್ಪ ಅಮ್ಮನಿಗೆ ಮೆತ್ತಗೆ ತಿಳಿಸಿ ಹೇಳು.

ಸಂತೆಯ ದಿನ ಬರುತ್ತದೆ, ಪುಟ್ಟಿ. ಹೊರಗೆ ಜಗಲಿ ತುಂಬ ಮಕ್ಕಳು, ಸಂಜೆಯ ಬಸ್ಸಿಗೆ ಅವಸರದಲ್ಲಿರುವ ಜನ. ನಾನು ಹೇಳಿದ್ದೆಲ್ಲ ಅಂದು ಆಗುವುದಿಲ್ಲ. ಆದರೂ ಒಂದು ಪ್ರಶ್ನೆಯನ್ನು ಬಿಡಬೇಡ: ‘ನಿಮಗೆ ಏನಾಗಿರಬಹುದು ಅಂತ ಹೆದರಿಕೆ?’ ಒಮ್ಮೆ ಸಾಮಾನ್ಯ ನೆಗಡಿಗೆ ವಾರದಲ್ಲಿ ಮೂರನೇ ಸಲ ಬಂದವಳನ್ನು ಹಾಗೆ ಕೇಳಿದೆ. ಹಿಂದಿನ ಕೂಸು ಇಂಥದೇ ಕೆಮ್ಮಿನಲ್ಲಿ ತೀರಿಕೊಂಡಿತ್ತು. ಅಂದು ನಾನು ಔಷಧಿ ಬರೆಯಲಿಲ್ಲ. ಮಗುವಿನ ಅಂಗಿ ಎತ್ತಿ, ಉಸಿರು ಎಣಿಸುವುದನ್ನು ಅವಳಿಗೇ ಹೇಳಿಕೊಟ್ಟೆ. ಬಸ್ಸು ತಪ್ಪಿದರೂ ಸರಿಯೆಂದು ಈ ಕುರ್ಚಿಯ ಮೇಲೆ ಕೂತು ಮೂರು ಸಲ ಎಣಿಸಿದಳು. ಮೂರು ಸಲವೂ ಸರಿಯಾಗಿ ಎಣಿಸಿದಳು.

ಕುರ್ಚಿಯನ್ನು ಒರೆಸಿ ಇಟ್ಟುಕೋ. ಒಳ್ಳೆಯದಾಗಲಿ.

ನಿನ್ನ ದೊಡ್ಡಮ್ಮ