ಕತ್ತಲೆಯನ್ನು ಬೇಡುವ ಹೂಗಿಡ

ಕಾಡುಬಸಳೆಯ ಎಲೆಯನ್ನು ಪುಸ್ತಕದ ಹಾಳೆಗಳ ನಡುವೆ ಇರಿಸಿ, ಅದರ ಅಂಚಿನಲ್ಲಿ ಮರಿಗಿಡಗಳು ಮೂಡುವುದನ್ನು ಕಾದು ನೋಡಿದ ವಿದ್ಯಾರ್ಥಿಗಳು ಅನೇಕರಿರಬಹುದು. ಅದೇ ಕುಲಕ್ಕೆ ಸೇರಿದ ಇನ್ನೊಂದು ಗಿಡವು ಈಗ ಸಸ್ಯಾಗಾರಗಳಲ್ಲಿ ಕುಂಡಸಮೇತವಾಗಿ ದೊರೆಯುತ್ತದೆ. ಗೇಣೆತ್ತರದ ಗಿಡ; ದಪ್ಪನೆಯ ರಸಭರಿತ ಎಲೆಗಳು; ಮೇಲೆ ಕೆಂಪು, ಹಳದಿ, ಕಿತ್ತಳೆ, ಗುಲಾಬಿ ವರ್ಣಗಳ ಕಿರುಹೂಗಳ ಗೊಂಚಲು. ಇದರ ಹೆಸರು ಕಲಂಚೋ.

ಇದರ ಮೂಲ ಜಾತಿಯ ತವರು ಮಡಗಾಸ್ಕರ್ ದ್ವೀಪ. ಅದನ್ನು 1930ರ ದಶಕದಲ್ಲಿ ಜರ್ಮನಿಯ ಪೋಟ್ಸ್‌ಡಾಮ್ ನಗರದ ಬೀಜವರ್ತಕ ರಾಬರ್ಟ್ ಬ್ಲಾಸ್‌ಫೆಲ್ಡ್ ಎಂಬವನು ಪ್ರಚಾರಕ್ಕೆ ತಂದನು; ಜಾತಿಗೆ ಅವನ ಹೆಸರೇ ನಿಂತಿತು. ಕೆಂಪು ಹೂವಿನ ಆ ಗಿಡವನ್ನು ಬೇರೆ ಜಾತಿಗಳೊಡನೆ ಸಂಕರಗೊಳಿಸಿದುದರಿಂದ ಇಂದಿನ ಬಣ್ಣಗಳು ಬಂದುವು.

ಈ ಕುಲದ ಗಿಡಗಳ ಉಸಿರಾಟವನ್ನು ಕುರಿತು ಒಂದು ಸ್ವಾರಸ್ಯವಾದ ಸಂಗತಿಯುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞನು, ಕಾಡುಬಸಳೆಯ ಎಲೆಯು ಬೆಳಿಗ್ಗೆ ಹುಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುವುದನ್ನು ಗಮನಿಸಿದನು. 1815ರಲ್ಲಿ ಅದು ಪ್ರಕಟವಾಯಿತು. ಕಾರಣವೇನೆಂದರೆ, ನೀರು ಆವಿಯಾಗದಂತೆ ಈ ಗಿಡಗಳು ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಅದನ್ನು ಆಮ್ಲರೂಪದಲ್ಲಿ ಕೂಡಿಟ್ಟು ಹಗಲಿನಲ್ಲಿ ಆಹಾರವನ್ನು ತಯಾರಿಸುತ್ತವೆ. (ಹೈನನಂತೆ ನಾವು ರುಚಿ ನೋಡುವುದು ಬೇಡ. ಈ ಗಿಡಗಳಲ್ಲಿ, ವಿಶೇಷವಾಗಿ ಹೂಗಳಲ್ಲಿ, ಹೃದಯಕ್ಕೆ ಕೆಡುಕುಂಟುಮಾಡುವ ವಿಷವಿದೆ. ಕರು, ಆಡುಗಳಿಗೂ ಎಟುಕದಂತೆ ಇಡತಕ್ಕದ್ದು.)

ಇಷ್ಟು ಜಿಪುಣತನದಿಂದ ನೀರನ್ನು ಕಾಪಾಡುವ ಗಿಡಕ್ಕೆ ದಿನವೂ ನೀರೆರೆಯುವುದು ಅಪಚಾರವೇ ಸರಿ. ಬಹುಪಾಲು ಗಿಡಗಳು ಸಾಯುವುದು ಬಾಯಾರಿಕೆಯಿಂದಲ್ಲ, ಬೇರು ಕೊಳೆತು. ಮಣ್ಣಿನಲ್ಲಿ ಮೂರನೆಯ ಒಂದು ಪಾಲು ಮರಳಿರಲಿ. ಕುಂಡದ ತಳದಲ್ಲಿ ರಂಧ್ರವಿರಲಿ. ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲಷ್ಟೇ ನೀರು ಕೊಡಿರಿ.

ಕೊಂಡು ತಂದ ಗಿಡವು ಮರುವರ್ಷ ಹೂ ಬಿಡುವುದಿಲ್ಲವೆಂಬ ದೂರು ಸಾಮಾನ್ಯ. ನನ್ನ ಗಿಡವೂ ಎರಡು ವರ್ಷ ಬರಿಯ ಎಲೆಯನ್ನೇ ಬಿಟ್ಟಿತು. ಗೊಬ್ಬರ ಹಾಕಿದೆ, ಜಾಗ ಬದಲಿಸಿದೆ, ಫಲವಿಲ್ಲ. ಅಪರಾಧಿ ಜಗಲಿಯ ವಿದ್ಯುದ್ದೀಪವೆಂದು ತಿಳಿದದ್ದು ತಡವಾಗಿ. ಈ ಗಿಡವು ಮೊಗ್ಗು ಹಿಡಿಯುವುದಕ್ಕೆ ದೀರ್ಘವಾದ, ಎಡೆಬಿಡದ ರಾತ್ರಿ ಬೇಕು. ಸುಮಾರು ಆರು ವಾರಗಳ ಕಾಲ ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ ರಟ್ಟಿನ ಪೆಟ್ಟಿಗೆಯನ್ನು ಕವುಚಿ, ಹಗಲಿನಲ್ಲಿ ಒಳ್ಳೆಯ ಬೆಳಕಿನಲ್ಲಿರಿಸಿದರೆ ಮೊಗ್ಗು ಕಾಣಿಸುತ್ತದೆ. ನಡುರಾತ್ರಿ ಪೆಟ್ಟಿಗೆಯನ್ನೆತ್ತಿ ದೀಪ ಹಿಡಿದು ನೋಡುವ ಕುತೂಹಲವನ್ನು ಮಾತ್ರ ಮಕ್ಕಳು ತಡೆದುಕೊಳ್ಳಬೇಕು!

ಹೂ ಬಾಡಿದ ಮೇಲೆ ಗೊಂಚಲನ್ನು ಕತ್ತರಿಸಿರಿ. ಸಂಕರ ಗಿಡವಾದುದರಿಂದ ಬೀಜದ ಸಸಿಯು ತಾಯಿಯಂತೆಯೇ ಬರುವುದಿಲ್ಲ. ಕಾಡುಬಸಳೆಯಂತೆ ಎಲೆಯಂಚಿನಲ್ಲಿ ಮರಿಯೂ ಹುಟ್ಟದು. ಬೆರಳುದ್ದದ ತುದಿಯನ್ನು ಕತ್ತರಿಸಿ, ಗಾಯವು ಒಣಗುವಂತೆ ಎರಡು ಮೂರು ದಿನ ನೆರಳಿನಲ್ಲಿಟ್ಟು, ಬಳಿಕ ತುಸು ತೇವದ ಮರಳಿನಲ್ಲಿ ಊರಿದರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಒಂದು ಗಿಡದಿಂದ ನಾಲ್ಕಾರು ಮನೆಗಳಿಗೆ ಹಂಚಬಹುದು.